ಅಡ್ಡಪರಿಣಾಮ ಬರೆದಿರುವ ಔಷಧಿಯೇ ವಾಸಿ

ಹೊರನಾಡಿನಲ್ಲಿರುವ ನಮ್ಮ ಗಂಡ-ಹೆಂಡತಿಯರಿಗೆ ಮದುವೆಯಾಗಿ ಎರಡು ಮೂರು ವರ್ಷ ಕಳೆದೂ ಮಡಿಲು ತುಂಬದಿದ್ದರೆ, ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಒಂದು ಡಬ್ಬಿ ಬಂದೇ ಬರುತ್ತದೆ. ಮೇಲೆ ಹಸಿರು ಎಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಸಾಲು, ‘ಅಡ್ಡಪರಿಣಾಮಗಳಿಲ್ಲ’ ಎಂಬ ಭರವಸೆ. ಜೊತೆಗೆ ದೊಡ್ಡವರ ಮಾತು: “ಆ ಇಂಗ್ಲಿಷ್ ಮಾತ್ರೆ ಮೈಗೆ ಉಷ್ಣ ಕಣಮ್ಮ. ಅದನ್ನ ನಿಲ್ಲಿಸಿ ಇದನ್ನ ಮೂರು ತಿಂಗಳು ತಗೋ. ತಗೊಂಡ್ರೆ ಕಳಕೊಳ್ಳೋದು ಏನಿದೆ?”

ಆ ಕೊನೆಯ ಪ್ರಶ್ನೆ ಮನಸ್ಸಿಗೆ ಚುಚ್ಚುತ್ತದೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಅನುಮಾನವಿಲ್ಲ. ಆದರೆ ಡಾಕ್ಟರ ಚೀಟಿಯ ಮೇಲೆ ಸಿಗುವ ಔಷಧಿ, ಚೀಟಿಯಿಲ್ಲದೆ ಸಿಗುವ ಗಿಡಮೂಲಿಕೆಯ ಡಬ್ಬಿ, ಈ ಎರಡನ್ನೂ ಹತ್ತಿರದಿಂದ ಬಲ್ಲವರಿಗೆ ಕಳೆದುಕೊಳ್ಳುವುದು ಎಷ್ಟಿದೆ ಎಂಬುದು ಗೊತ್ತು. ಊರು ಬಿಟ್ಟು ಹೊರಗೆ ಬಂದ ಮೇಲೆ ನನಗೆ ಎದ್ದು ಕಂಡ ವ್ಯತ್ಯಾಸ ಒಂದೇ. ಇಲ್ಲಿ ಔಷಧಿ ಕೊಡುವವರು ಅದು ಏನೇನು ಕೆಡಿಸಬಹುದು ಎಂಬುದನ್ನು ಮೊದಲೇ ಹೇಳುತ್ತಾರೆ, ಕೆಡುತ್ತಿದೆಯೇ ಎಂದು ನೋಡಲು ದಿನವನ್ನೂ ಗೊತ್ತುಮಾಡುತ್ತಾರೆ. ನಮ್ಮವರ ಮುಂದೆ ಅಂಥ ಮಾತೆತ್ತಿದರೆ “ಬಿಡ್ತು ಅನ್ನು” ಎನ್ನುತ್ತಾರೆ.

ಅಂಡಾಣು ಬಿಡುಗಡೆಯಾಗಲೆಂದು ಡಾಕ್ಟರು ಬರೆದುಕೊಡುವ ಮಾತ್ರೆ ಕ್ಲೋಮಿಫೀನ್. ಅದರ ಪೆಟ್ಟಿಗೆಯೊಳಗೆ ಮಡಚಿಟ್ಟ ಕಾಗದವನ್ನು ಬಿಡಿಸಿ ನೋಡಿ. ಮುಖಕ್ಕೆ ಬಿಸಿ ಏರುವುದು, ಹೊಟ್ಟೆ ಉಬ್ಬರ, ತಲೆನೋವು, ಮನಸ್ಸು ಏರುಪೇರಾಗುವುದು, ಅಂಡಾಶಯ ಊದಿಕೊಳ್ಳುವುದು, ಅವಳಿ ಮಕ್ಕಳು. ಕಣ್ಣು ಮಂಜಾದರೆ ಅಥವಾ ಕಣ್ಣೆದುರು ಮಿಂಚಿನ ಚುಕ್ಕೆ ಕಂಡರೆ ಕೂಡಲೇ ಮಾತ್ರೆ ನಿಲ್ಲಿಸಿ ಎಂಬ ಎಚ್ಚರಿಕೆಯೂ ಇರುತ್ತದೆ. ಓದಿದವರ ಎದೆ ಝಲ್ಲೆನ್ನುವುದು ಸಹಜ. ಆದರೆ ಆ ಒಂದೊಂದು ಸಾಲೂ ಎಲ್ಲಿಂದ ಬಂತು? ಅಮೆರಿಕದಲ್ಲಿ 1967ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅದಕ್ಕೆ ಮುಂಚಿನ ಪರೀಕ್ಷೆಗಳಲ್ಲೂ ಆಮೇಲಿನ ಇಷ್ಟು ವರ್ಷಗಳಲ್ಲೂ ಇದನ್ನು ತೆಗೆದುಕೊಂಡ ಹೆಂಗಸರನ್ನು ಕೂರಿಸಿಕೊಂಡು ಕೇಳಿದ್ದಾರೆ, ಬರೆದುಕೊಂಡಿದ್ದಾರೆ, ಎಣಿಸಿದ್ದಾರೆ. ನಿಂತ ನೂರು ಗರ್ಭಗಳಲ್ಲಿ ಏಳೆಂಟು ಅವಳಿ ಎಂಬ ಲೆಕ್ಕ ಬಂದದ್ದು ಹಾಗೆ. ಡಬ್ಬಿಯ ಮೇಲೆ ‘ಅಡ್ಡಪರಿಣಾಮಗಳಿಲ್ಲ’ ಎಂದಿದ್ದರೆ ಬಹುಪಾಲು ಅದರ ಅರ್ಥ, ಯಾರೂ ಕೇಳಿಲ್ಲ, ಯಾರೂ ಎಣಿಸಿಲ್ಲ ಎಂದು. ಮೈಯೊಳಗೆ ಏನನ್ನಾದರೂ ಬದಲಿಸುವ ಶಕ್ತಿ ಇರುವ ವಸ್ತು ನಮಗೆ ಬೇಡದ್ದನ್ನೂ ಬದಲಿಸುತ್ತದೆ.

ಉಷ್ಣದ ಮಾತು ಪೂರ್ತಿ ಸುಳ್ಳೂ ಅಲ್ಲ. ಕ್ಲೋಮಿಫೀನ್ ಮಿದುಳಿನಲ್ಲಿ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಈಸ್ಟ್ರೋಜೆನ್ ಸಾಲುತ್ತಿಲ್ಲ ಎಂದುಕೊಳ್ಳುವ ಮಿದುಳು ಎಫ್‌ಎಸ್‌ಎಚ್ ಹಾರ್ಮೋನನ್ನು ಹೆಚ್ಚು ಬಿಡಿಸುತ್ತದೆ, ಅದರ ಬಲದಿಂದ ಅಂಡಾಶಯದಲ್ಲಿ ಫಾಲಿಕಲ್, ಅಂದರೆ ಅಂಡಾಣುವಿರುವ ಪುಟ್ಟ ನೀರಿನ ಚೀಲ, ಬೆಳೆಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈಗೆ ಬಿಸಿ ಏರುವುದೂ ಈಸ್ಟ್ರೋಜೆನ್ ಇಳಿದದ್ದರಿಂದಲೇ. ಅಂದರೆ ಆ ಬಿಸಿ ಔಷಧಿ ಕೆಲಸ ಮಾಡುವ ದಾರಿಯಲ್ಲೇ ಬರುವಂಥದ್ದು. ಅದರಿಂದ ಗರ್ಭಕೋಶ ಸುಡುವುದಿಲ್ಲ, ಮಾತ್ರೆ ನಿಂತ ಮೇಲೆ ಇಳಿಯುತ್ತದೆ. ನಿಜವಾದ ತೊಂದರೆ ಇರುವುದು ಬೇರೆ ಕಡೆ. ಅದೇ ಮಾತ್ರೆ ಗರ್ಭಕೋಶದ ಒಳಪದರಕ್ಕೂ ಈಸ್ಟ್ರೋಜೆನ್ ತಾಗದಂತೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಅಂಡಾಣು ಚೆನ್ನಾಗಿ ಬೆಳೆದು ಬಿಡುಗಡೆಯಾದರೂ ಕೆಲವರಲ್ಲಿ ಒಳಪದರ ತೆಳ್ಳಗೇ ಉಳಿದು ಗರ್ಭ ನಿಲ್ಲುವುದಿಲ್ಲ. ಇದು ಗೊತ್ತಾಗಬೇಕಾದರೆ ಸ್ಕ್ಯಾನಿಂಗ್ ಬೇಕು, ಬರೀ ಮಾತ್ರೆಯ ಸ್ಟ್ರಿಪ್ ಇದ್ದರೆ ಗೊತ್ತಾಗುವುದಿಲ್ಲ.

ಪಿಸಿಒಡಿ, ಅಂದರೆ ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ, ಇರುವವರಿಗೆ ಈಗ ಮೊದಲು ಕೊಡುವುದು ಲೆಟ್ರೋಜೋಲ್ ಮಾತ್ರೆ. ಇದು ಮಿದುಳಿನಲ್ಲಿ ಹೋಗಿ ಕೂರುವುದಿಲ್ಲ, ಈಸ್ಟ್ರೋಜೆನ್ ತಯಾರಾಗುವುದನ್ನೇ ಕೆಲವು ದಿನ ತಡೆಯುತ್ತದೆ. ಕ್ಲೋಮಿಫೀನಿಗಿಂತ ಬೇಗ ರಕ್ತದಿಂದ ಹೊರಟುಹೋಗುವುದರಿಂದ ಒಳಪದರಕ್ಕೆ ಪೆಟ್ಟು ಕಡಿಮೆ. 2014ರಲ್ಲಿ ಅಮೆರಿಕದಲ್ಲಿ ಪಿಸಿಒಡಿ ಇದ್ದ 750 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಐದು ಸೈಕಲ್‌ವರೆಗಿನ (ಮುಟ್ಟಿನಿಂದ ಮುಟ್ಟಿನವರೆಗೆ ಒಂದು ಸೈಕಲ್) ಚಿಕಿತ್ಸೆಯಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ 27.5 ಮಂದಿಗೆ ಮಗುವಾಯಿತು, ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 19.1 ಮಂದಿಗೆ. ಚೀಟಿಯ ಔಷಧಿಯ ಬಗ್ಗೆ ನನಗಿರುವ ಗೌರವ ಹೆಚ್ಚಿದ್ದು ಇಂಥ ಅಂಕಿಗಳಿಂದ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಫಲ ಸಿಗಲಿಲ್ಲ ಎಂಬುದನ್ನೂ ಅದೇ ಅಂಕಿ ಮುಚ್ಚಿಡದೆ ಹೇಳುತ್ತದೆ.

ಇನ್ನು ಕ್ರಮ. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಒಂದು ಸ್ಕ್ಯಾನಿಂಗ್, ಹಿಂದಿನ ತಿಂಗಳ ಗಂಟು ಅಂಡಾಶಯದಲ್ಲಿ ಉಳಿದಿದೆಯೇ ಎಂದು ನೋಡಲು. ಉಳಿದಿದ್ದರೆ ಆ ತಿಂಗಳು ಔಷಧಿ ಶುರುಮಾಡದೆ ಕಾಯುವುದೇ ಹೆಚ್ಚು. ಇಲ್ಲದಿದ್ದರೆ ಲೆಟ್ರೋಜೋಲ್ 2.5 ಮಿಲಿಗ್ರಾಂ ಅಥವಾ ಕ್ಲೋಮಿಫೀನ್ 50 ಮಿಲಿಗ್ರಾಂ, ದಿನಕ್ಕೊಂದು ಹೊತ್ತು, ಐದು ದಿನ. ಹತ್ತರಿಂದ ಹನ್ನೆರಡನೇ ದಿನದೊಳಗೆ ಮತ್ತೆ ಸ್ಕ್ಯಾನಿಂಗ್. ಮುಂದಿರುವ ಫಾಲಿಕಲ್ ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ, 18ರಿಂದ 20 ಮಿಲಿಮೀಟರ್ ಮುಟ್ಟಿದಾಗ ಪಕ್ವ ಎಂದು ಲೆಕ್ಕ. ಒಳಪದರ 7 ಮಿಲಿಮೀಟರ್ ದಾಟಿದೆಯೇ ಎಂಬುದನ್ನೂ ಅಲ್ಲೇ ನೋಡುತ್ತಾರೆ. ಏನೂ ಬೆಳೆಯದಿದ್ದರೆ ಮುಂದಿನ ಸಲ ಪ್ರಮಾಣ ಏರುತ್ತದೆ: ಲೆಟ್ರೋಜೋಲ್ 5, ಆಮೇಲೆ 7.5 ಮಿಲಿಗ್ರಾಂ, ಕ್ಲೋಮಿಫೀನ್ ಆದರೆ 100, ಹೆಚ್ಚೆಂದರೆ 150. ಮೂರು ನಾಲ್ಕು ಫಾಲಿಕಲ್ ಒಟ್ಟಿಗೆ ಬೆಳೆದುಬಿಟ್ಟರೆ ಆ ತಿಂಗಳು ಗಂಡ-ಹೆಂಡತಿ ದೂರವಿರಿ ಎಂದು ಹೇಳಬೇಕಾಗುತ್ತದೆ. ಕೇಳುವವರಿಗೆ ಆ ಮಾತು ಎಷ್ಟು ಕಹಿ ಎಂಬುದು ಗೊತ್ತಿದೆ. ಆದರೂ ತ್ರಿವಳಿ ಗರ್ಭದಲ್ಲಿ ತಾಯಿಗೂ ಮಕ್ಕಳಿಗೂ ಎದುರಾಗುವ ಅಪಾಯದ ಮುಂದೆ ಒಂದು ತಿಂಗಳು ಬಿಡುವುದೇ ಸರಿ.

ಇಲ್ಲಿ ನಮ್ಮವರ ಮೇಲೆ ನನಗೆ ಸಿಟ್ಟು ಬರುವುದು ಡಬ್ಬಿಯಿಂದಾಗಿ ಮಾತ್ರ ಅಲ್ಲ. ಚೀಟಿಯ ಮಾತ್ರೆಯನ್ನೂ ನಾವು ಡಬ್ಬಿಯ ಹಾಗೆಯೇ ನಡೆಸಿಕೊಳ್ಳುತ್ತೇವೆ. ಹಳೆಯ ಚೀಟಿ ತೋರಿಸಿ ಅದೇ ಐದು ಮಾತ್ರೆ ತರಿಸಿಕೊಳ್ಳುವುದು, ಅಕ್ಕನಿಗೆ ಫಲ ಕೊಟ್ಟ ಸ್ಟ್ರಿಪ್ಪನ್ನು ತಂಗಿಗೂ ಕೊಡುವುದು, ಸ್ಕ್ಯಾನಿಂಗ್ ಇಲ್ಲದೆ ಹತ್ತು ಹನ್ನೆರಡು ತಿಂಗಳು ನುಂಗುತ್ತಾ ಹೋಗುವುದು. ಕ್ಲೋಮಿಫೀನನ್ನು ಸಾಮಾನ್ಯವಾಗಿ ಆರು ಸೈಕಲ್ ದಾಟಿಸುವುದಿಲ್ಲ, ಏಕೆಂದರೆ ಫಲ ಸಿಗುವವರಲ್ಲಿ ಬಹುಪಾಲು ಅಷ್ಟರೊಳಗೇ ಸಿಕ್ಕಿರುತ್ತದೆ. ಆಮೇಲೂ ನುಂಗುತ್ತಿದ್ದರೆ ಬೇರೆ ಕಾರಣ ಹುಡುಕುವ ಹೊತ್ತು ಕೈಬಿಟ್ಟಂತೆ. ನಾನಿರುವ ಕಡೆ ಚೀಟಿ ಇಲ್ಲದೆ ಈ ಮಾತ್ರೆ ಕೈಗೆ ಸಿಗುವುದಿಲ್ಲ. ಮೊದಮೊದಲು ಅದು ಕಿರಿಕಿರಿ ಎನಿಸುತ್ತದೆ. ಹೋಗಹೋಗುತ್ತಾ ಆ ಅಡ್ಡಿ ಇರುವುದೇ ಹೆಣ್ಣಿನ ಮೈ ಕಾಯಲು ಎಂಬುದು ಅರ್ಥವಾಗುತ್ತದೆ.

ಮಾತ್ರೆಗೆ ಬಗ್ಗದಿದ್ದರೆ ಎಫ್‌ಎಸ್‌ಎಚ್ ಹಾರ್ಮೋನನ್ನೇ ಇಂಜೆಕ್ಷನ್ ಆಗಿ ಕೊಡುತ್ತಾರೆ. ಅಂಡಾಣು ಬಿಡುಗಡೆಗಾಗಿಯಷ್ಟೇ ಆದರೆ ದಿನಕ್ಕೆ 75 ಯೂನಿಟ್ ಅಥವಾ ಅದಕ್ಕೂ ಕಡಿಮೆಯಿಂದ ಶುರು, ಅಂಡಾಣುವನ್ನು ಹೊರತೆಗೆದು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸುವ ಐವಿಎಫ್ ಆದರೆ 150ರಿಂದ 300. ಹೊಕ್ಕುಳ ಪಕ್ಕದ ಚರ್ಮ ಚಿವುಟಿ ಹಿಡಿದು, ದಿನಾ ಒಂದೇ ಹೊತ್ತಿಗೆ, ಜಾಗ ಬದಲಿಸುತ್ತಾ ಚುಚ್ಚಿಕೊಳ್ಳಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ, ಆದರೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಂಗ್ ತಪ್ಪಿಸುವಂತಿಲ್ಲ. ಫಾಲಿಕಲ್ ಪಕ್ವವಾದ ಮೇಲೆ ಅಂಡಾಣುವನ್ನು ಹೊರಬಿಡಿಸುವ ಟ್ರಿಗರ್ ಇಂಜೆಕ್ಷನ್, ಅದಾಗಿ ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ. ಟ್ರಿಗರ್ ಎಚ್‌ಸಿಜಿ (ಗರ್ಭ ಪರೀಕ್ಷೆ ಹುಡುಕುವ ಹಾರ್ಮೋನೇ ಇದು) ಆಗಿದ್ದರೆ ಹತ್ತರಿಂದ ಹದಿನಾಲ್ಕು ದಿನ ಮನೆಯಲ್ಲಿ ಗರ್ಭ ಪರೀಕ್ಷೆ ಮಾಡಿ ನೋಡಬೇಡಿ. ಚುಚ್ಚಿದ ಔಷಧಿಯೇ ಎರಡನೇ ಗೆರೆ ಮೂಡಿಸುತ್ತದೆ, ಆಮೇಲೆ ಆ ಗೆರೆ ಮಾಯವಾದಾಗ ಗರ್ಭವೇ ಹೋಯಿತೆಂದು ಅತ್ತವರಿದ್ದಾರೆ. ಗರ್ಭ ಉಳಿಯಲೆಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್ ತೆಗೆದುಕೊಳ್ಳುತ್ತಿರುವವರಲ್ಲಿ ಅದೇ ಔಷಧಿ ಮುಟ್ಟನ್ನು ಮುಂದೂಡುವುದೂ ಉಂಟು, ಹಾಗಾಗಿ ಮುಟ್ಟು ತಡವಾದದ್ದನ್ನೇ ನಂಬಿ ಊರಿಗೆ ಸಿಹಿ ಸುದ್ದಿ ಹೇಳುವಂತಿಲ್ಲ.

ಇಂಜೆಕ್ಷನ್ನಿನಲ್ಲಿ ಭಯಪಡಬೇಕಾದದ್ದು ಅಂಡಾಶಯ ಮಿತಿಮೀರಿ ಕೆರಳುವುದು. ಫಾಲಿಕಲ್‌ಗಳು ಹತ್ತಾರು ಬೆಳೆದಾಗ, ಎಚ್‌ಸಿಜಿ ಬಿದ್ದ ಮೇಲೆ ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ರಕ್ತ ಗಟ್ಟಿಯಾಗುತ್ತದೆ. ಒಂದೇ ದಿನದಲ್ಲಿ ಒಂದು ಕಿಲೋ ತೂಕ ಏರಿದರೆ, ಉಟ್ಟ ಬಟ್ಟೆ ಸೊಂಟಕ್ಕೆ ಬಿಗಿಯಾದರೆ, ಮೂತ್ರ ಕಡಿಮೆಯಾದರೆ, ಮಲಗಿದಾಗ ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಪಿಸಿಒಡಿ ಇರುವವರಿಗೆ, ತೆಳ್ಳಗಿರುವ ಸಣ್ಣ ವಯಸ್ಸಿನವರಿಗೆ ಇದು ಹೆಚ್ಚು. ಇದನ್ನೆಲ್ಲ ಔಷಧಿ ಕೊಡುವ ಮೊದಲೇ ಹೇಳಿರುತ್ತಾರೆ, ರಾತ್ರಿ ಹೊತ್ತಿಗೂ ಒಂದು ಫೋನ್ ನಂಬರ್ ಕೊಟ್ಟಿರುತ್ತಾರೆ. ಡಬ್ಬಿ ತೆಗೆದುಕೊಂಡವರಿಗೆ ನಡುರಾತ್ರಿ ಹೊಟ್ಟೆನೋವು ಬಂದರೆ ಕರೆಯಲು ಯಾವ ನಂಬರ್ ಇದೆ?

ಇನ್ನು ‘ನೈಸರ್ಗಿಕ’ದ ಮಾತು. ಈ ಇಂಜೆಕ್ಷನ್ನುಗಳ ಹುಟ್ಟು ನೋಡಿ. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಎಫ್‌ಎಸ್‌ಎಚ್, ಅದರ ಜೊತೆಗಾರ ಹಾರ್ಮೋನ್ ಎಲ್‌ಎಚ್ ಹೇರಳವಾಗಿರುತ್ತದೆ. ಇಟಲಿಯ ಸೆರೊನೊ ಕಂಪನಿಯ ಪಿಯೆರೊ ದೊನಿನಿ 1940ರ ದಶಕದ ಕೊನೆಯಲ್ಲಿ ಅದನ್ನು ಮೂತ್ರದಿಂದ ಶುದ್ಧಿ ಮಾಡುವ ದಾರಿ ಕಂಡುಕೊಂಡರು. ಆಮೇಲೆ ಕಾನ್ವೆಂಟುಗಳಲ್ಲಿದ್ದ ವಯಸ್ಸಾದ ಸನ್ಯಾಸಿನಿಯರಿಂದ ಮೂತ್ರ ಸಂಗ್ರಹಿಸಿದರು. ಬ್ರೂನೊ ಲೂನೆನ್‌ಫೆಲ್ಡ್ ಇಸ್ರೇಲಿನಲ್ಲಿ ಆ ಔಷಧಿ ಕೊಟ್ಟ ಮೇಲೆ 1962ರಲ್ಲಿ ಮೊದಲ ಮಗು ಹುಟ್ಟಿತು. ಮಾಂಸಮೂಳೆಯ ಮನುಷ್ಯರ ಹಾರ್ಮೋನೇ ಅದು, ಇವತ್ತಿಗೂ ಕೆಲವು ಇಂಜೆಕ್ಷನ್ ಮೂತ್ರದಿಂದಲೇ ತಯಾರಾಗುತ್ತವೆ. ಪ್ರೊಜೆಸ್ಟರಾನ್ ಅಗ್ಗವಾಗಿ ಸಿಗತೊಡಗಿದ್ದು ಕೂಡ 1940ರ ದಶಕದಲ್ಲಿ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಲ್ಲಿದ್ದ ಡಯೋಸ್ಜೆನಿನ್ನನ್ನು ಪ್ರಯೋಗಾಲಯದಲ್ಲಿ ಬದಲಿಸಿ ತೋರಿಸಿದ ಮೇಲೆ. ಅದೇ ಕಾಡುಗೆಣಸನ್ನು ಹಾಗೆಹಾಗೇ ಕ್ಯಾಪ್ಸೂಲು, ಕ್ರೀಮು ಮಾಡಿ ‘ನೈಸರ್ಗಿಕ ಪ್ರೊಜೆಸ್ಟರಾನ್’ ಎಂದು ಮಾರುವವರಿದ್ದಾರೆ. ಪ್ರಯೋಗಾಲಯದಲ್ಲಿ ಹಂತಹಂತವಾಗಿ ನಡೆಯುವ ಆ ಬದಲಾವಣೆ ಮನುಷ್ಯನ ಮೈಯಲ್ಲಿ ನಡೆಯುವುದಿಲ್ಲ. ತಿಂದವರಿಗೆ ಸಿಗುವುದು ಗೆಣಸು ಮಾತ್ರ. ಗರ್ಭ ನಿಂತ ಮೊದಲ ವಾರಗಳಲ್ಲಿ ಡಾಕ್ಟರು ಕೊಟ್ಟ ಪ್ರೊಜೆಸ್ಟರಾನ್ ನಿಲ್ಲಿಸಿ ಇದನ್ನು ಹಿಡಿದರೆ ಏನಾಗಬಹುದು ಯೋಚಿಸಿ.

ಹಾಗೆಂದು ಮೂಲಿಕೆಗಳಿಗೆ ಶಕ್ತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲವಕ್ಕೆ ಶಕ್ತಿ ಇದೆ, ಭಯ ಹುಟ್ಟಿಸುವುದೂ ಅದೇ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಚೀಟಿಯ ಮೇಲೆ ಕೊಡುವ ವಸ್ತುವೇ ಅದು, ಹೆಚ್ಚಾದರೆ ಅಂಡಾಣು ಬಿಡುಗಡೆಯನ್ನು ತಡೆಯುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಅದನ್ನು ಇಳಿಸುವ ಕ್ಯಾಬರ್ಗೊಲಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದರ ಮೇಲೆ ನಸುಗುನ್ನಿ ಪುಡಿಯನ್ನೂ ಸೇವಿಸಿದರೆ ಎರಡೂ ಒಂದೇ ಕಡೆ ಎಳೆಯುತ್ತವೆ. ರಕ್ತದೊತ್ತಡ ಇಳಿದು ತಲೆಸುತ್ತು, ವಾಕರಿಕೆ ಬರಬಹುದು. ರಕ್ತ ಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಸರಿಯಾಗಿ ಕಂಡರೂ ಯಾವುದರಿಂದ ಸರಿಯಾಯಿತು ಎಂದು ಡಾಕ್ಟರಿಗೆ ತಿಳಿಯುವುದಿಲ್ಲ. ಪಶ್ಚಿಮದವರು ಹೆಚ್ಚು ಬಳಸುವ ವೈಟೆಕ್ಸ್ ಹಣ್ಣೂ ಇದೇ ಜಾತಿ. ಐವಿಎಫ್‌ಗೆ ತಯಾರಾಗುತ್ತಿದ್ದ ಒಬ್ಬಾಕೆ ಅದನ್ನು ತಾನಾಗಿ ತೆಗೆದುಕೊಂಡು, ಒಂದೇ ಬೆಳೆಯಬೇಕಾದ ತಿಂಗಳಲ್ಲಿ ಹಲವು ಫಾಲಿಕಲ್ ಬೆಳೆದದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಜ್ಯೇಷ್ಠಮಧು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ.

ಅಶ್ವಗಂಧದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಅದೇ. ಗಂಡಸರ ವೀರ್ಯದ ಎಣಿಕೆ ಏರಿತೆಂದು ಹೇಳುವ ಪರೀಕ್ಷೆಗಳಿವೆ, ಆದರೆ ಹತ್ತಾರು ಮಂದಿಯ ಮೇಲಷ್ಟೇ, ಮೂರು ತಿಂಗಳ ಮಟ್ಟಿಗೆ ನಡೆದಂಥವು. ಎಣಿಕೆ ಏರುವುದು ಬೇರೆ, ಮಗುವಾಗುವುದು ಬೇರೆ. ಅದೇ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಕ್ಸಿನ್ ಮಾತ್ರೆಯ ಪ್ರಮಾಣವನ್ನು ಗರ್ಭಕ್ಕೆಂದೇ ಸರಿಹೊಂದಿಸಿಕೊಂಡಿರುವ ಹೆಂಗಸಿಗೆ ಅದು ಲೆಕ್ಕ ತಪ್ಪಿಸುತ್ತದೆ. ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದವರ ವರದಿಗಳು ಹಲವು ದೇಶಗಳಿಂದ ಬಂದಿವೆ. ಗರ್ಭಿಣಿಯರು ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ ಇದೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಂಗಸು ಪ್ರತಿ ತಿಂಗಳ ಕೊನೆಯ ಎರಡು ವಾರ ಗರ್ಭಿಣಿಯಾಗಿರಲೂಬಹುದು, ಅದು ಅವಳಿಗೇ ಗೊತ್ತಿರುವುದಿಲ್ಲ. ಹಾಗಿರುವಾಗ ಗರ್ಭಿಣಿಯರಿಗೆ ಬೇಡವಾದದ್ದನ್ನು ಗರ್ಭ ನಿಲ್ಲಲೆಂದು ಕೊಡುವುದು ಯಾವ ಲೆಕ್ಕ? ಶತಾವರಿಗೆ ಇಷ್ಟು ಆರೋಪವಿಲ್ಲ, ಆದರೆ ಅದರಿಂದ ಗರ್ಭ ನಿಂತಿತೆಂದು ತೋರಿಸುವ ಒಳ್ಳೆಯ ಪರೀಕ್ಷೆಯೂ ಇಲ್ಲ.

ಇದೆಲ್ಲ ಡಬ್ಬಿಯೊಳಗೆ ಬರೆದದ್ದೇ ಇದೆ ಎಂದುಕೊಂಡು ಹೇಳಿದ ಮಾತು. ಎಷ್ಟೋ ಡಬ್ಬಿಗಳ ಮೇಲೆ ಹನ್ನೆರಡು ಮೂಲಿಕೆಗಳ ಹೆಸರಿದ್ದು, ಎಲ್ಲ ಸೇರಿ 500 ಮಿಲಿಗ್ರಾಂ ಎಂದಷ್ಟೇ ಇರುತ್ತದೆ. ಯಾವುದು ಎಷ್ಟು ಎಂಬುದಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಇಲ್ಲವೇ ಪಾಷಾಣ ಸಿಕ್ಕಿತು. ಅಮೆರಿಕದಲ್ಲಿ ತಯಾರಾದವುಗಳಲ್ಲೂ ಸಿಕ್ಕಿತು, ನಮ್ಮಲ್ಲಿ ತಯಾರಾದವುಗಳಲ್ಲೂ ಸಿಕ್ಕಿತು. ಸೀಸ ವೀರ್ಯಾಣುಗಳನ್ನು ಕುಗ್ಗಿಸುತ್ತದೆ, ಗರ್ಭಪಾತದ ಅಪಾಯ ಹೆಚ್ಚಿಸುತ್ತದೆ, ಮೂಳೆಯಲ್ಲಿ ಸೇರಿಕೊಂಡು ಗರ್ಭ ನಿಂತ ಮೇಲೆ ಮತ್ತೆ ರಕ್ತಕ್ಕೆ ಇಳಿದು ಮಗುವಿಗೂ ದಾಟುತ್ತದೆ. ಮಗುವಿಗಾಗಿ ತಿಂದ ವಸ್ತು ಮಗುವಿನ ಮಿದುಳಿಗೇ ಕುತ್ತಾಗುವುದು ಸಣ್ಣ ಮಾತಲ್ಲ. ಹೊರದೇಶದ ಡಬ್ಬಿಯೆಂದರೆ ಪರೀಕ್ಷೆಯಾಗಿರುತ್ತದೆ ಎಂಬ ನಂಬಿಕೆಯೂ ಬೇಡ. ಅಮೆರಿಕದ 1994ರ ಕಾಯ್ದೆಯ ಪ್ರಕಾರ ಇಂಥ ಸಪ್ಲಿಮೆಂಟುಗಳು ಪೇಟೆಗೆ ಬರುವ ಮುನ್ನ ಫಲವನ್ನು ಸಾಬೀತುಪಡಿಸಿ ಅನುಮತಿ ಪಡೆಯಬೇಕಾಗಿಲ್ಲ. ಬಂಜೆತನ ಗುಣಪಡಿಸುತ್ತೇವೆ ಎಂದು ಸಪ್ಲಿಮೆಂಟ್ ಮಾರುತ್ತಿದ್ದ ಐದು ಕಂಪನಿಗಳಿಗೆ ಅಲ್ಲಿನ ಔಷಧಿ ನಿಯಂತ್ರಕ ಎಫ್‌ಡಿಎ, ವ್ಯಾಪಾರ ನಿಯಂತ್ರಕ ಎಫ್‌ಟಿಸಿ ಎಚ್ಚರಿಕೆ ಪತ್ರ ಬರೆದದ್ದು 2021ರಲ್ಲಿ, ಮಾರಾಟ ನಡೆಯುತ್ತಿದ್ದಾಗ.

ಗಂಡಸರ ವಿಷಯ ನಮ್ಮಲ್ಲಿ ಕೊನೆಗೆ ಬರುತ್ತದೆ, ನಾನೂ ಇಲ್ಲಿಯವರೆಗೆ ಹೆಣ್ಣಿನ ಮಾತ್ರೆಗಳನ್ನೇ ಹೇಳಿದೆ. ಆದರೆ ಮೊದಲ ವಾರದಲ್ಲೇ ಆಗಬೇಕಾದ ಪರೀಕ್ಷೆ ಗಂಡನ ವೀರ್ಯದ್ದು. ಎರಡರಿಂದ ಏಳು ದಿನ ಸಂಗ ಬಿಟ್ಟು ಮಾದರಿ ಕೊಟ್ಟರೆ ಮುಗಿಯಿತು. ಕಡಿಮೆ ಬಂದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆದ್ದರಿಂದ ಜ್ವರ ಬಂದದ್ದರ ಪರಿಣಾಮವಾಗಲಿ ಸಿಗರೇಟು ಬಿಟ್ಟದ್ದರ ಪರಿಣಾಮವಾಗಲಿ ಕಾಣುವುದು ಎರಡು ಮೂರು ತಿಂಗಳಾದ ಮೇಲೆ. ತಾನಾಗಿ ಆದ ಸುಧಾರಣೆಯ ಕೀರ್ತಿ ಈ ನಡುವೆ ತೆಗೆದುಕೊಂಡ ಡಬ್ಬಿಗೆ ಹೋಗುವುದೂ ಇದರಿಂದಲೇ. ಅಮೆರಿಕದಲ್ಲಿ 2,370 ದಂಪತಿಗಳನ್ನು ಸೇರಿಸಿಕೊಂಡು, ಗಂಡಂದಿರಲ್ಲಿ ಅರ್ಧ ಮಂದಿಗೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಸತುವನ್ನು ಆರು ತಿಂಗಳು ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ವೀರ್ಯದ ಗುಣ ಸುಧಾರಿಸಿರಲಿಲ್ಲ, ಹುಟ್ಟಿದ ಮಕ್ಕಳ ಪ್ರಮಾಣದಲ್ಲೂ ವ್ಯತ್ಯಾಸವಿರಲಿಲ್ಲ, ವೀರ್ಯಾಣುಗಳ ಡಿಎನ್‌ಎ ಮುರಿತ ಮಾತ್ರ ತುಸು ಹೆಚ್ಚಿತ್ತು. ಗಂಡಸರ ಸಪ್ಲಿಮೆಂಟುಗಳಲ್ಲಿ ಮುಖ್ಯವಾಗಿ ಇರುವ ವಸ್ತುಗಳಲ್ಲಿ ಇವೆರಡೂ ಸೇರಿವೆ. ಇನ್ನು ಜಿಮ್‌ನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟೆರಾನ್ ಚುಚ್ಚಿಕೊಂಡವರ ಕಥೆ ಇನ್ನೂ ಕಷ್ಟ. ಹೊರಗಿನಿಂದ ಹಾರ್ಮೋನ್ ಬಂದಾಗ ಮಿದುಳು ತನ್ನ ಆಜ್ಞೆ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು, ಬಿಟ್ಟ ಮೇಲೆ ಮರಳಲು ತಿಂಗಳುಗಟ್ಟಲೆ ಬೇಕು.

“ಕಳಕೊಳ್ಳೋದು ಏನಿದೆ” ಎಂಬುದಕ್ಕೆ ದೊಡ್ಡ ಉತ್ತರ ಕಾಲ. ಮೂವತ್ತೈದರೊಳಗಿನವರು ಒಂದು ವರ್ಷ ಪ್ರಯತ್ನಿಸಿ, ಮೂವತ್ತೈದು ದಾಟಿದವರು ಆರು ತಿಂಗಳು ಪ್ರಯತ್ನಿಸಿ ಪರೀಕ್ಷೆಗೆ ಹೋಗಬೇಕು, ನಲವತ್ತಾದವರು ಕಾಯಲೇಬಾರದು. ಅಂಡಾಣು ಗರ್ಭಕೋಶಕ್ಕೆ ಸಾಗುವ ಟ್ಯೂಬ್ ಎರಡೂ ಕಡೆ ಮುಚ್ಚಿದ್ದರೆ ಮೂಲಿಕೆಯಿಂದ ತೆರೆಯುವುದಿಲ್ಲ. ಲೆಟ್ರೋಜೋಲಿನಿಂದಲೂ ತೆರೆಯುವುದಿಲ್ಲ. ಬಣ್ಣದ ದ್ರವ ಹಾಕಿ ತೆಗೆಯುವ ಒಂದು ಎಕ್ಸ್‌ರೇಯಲ್ಲಿ ಅದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮೂರು ತಿಂಗಳು ಈ ಡಬ್ಬಿ, ಮತ್ತೆ ಮೂರು ತಿಂಗಳು ಇನ್ನೊಂದು, ನಡುವೆ ಪಥ್ಯ, ಹರಕೆ. ಹೀಗೆ ಮೂವತ್ತಾರು ಮೂವತ್ತೆಂಟಾದವರನ್ನು ಹೊರನಾಡಿನ ನಮ್ಮ ಬಳಗದಲ್ಲೇ ಕಾಣಬಹುದು. ಅಂಡಾಣುಗಳ ಸಂಖ್ಯೆ ಮಾತ್ರವಲ್ಲ, ಗುಣವೂ ಆ ವಯಸ್ಸಿನಲ್ಲಿ ಬೇಗ ಬೇಗ ಇಳಿಯುತ್ತದೆ. ಹೋದದ್ದನ್ನು ಚೀಟಿಯ ಔಷಧಿಯೂ ತಂದುಕೊಡಲಾರದು.

ಇನ್ನೊಂದು ಸಣ್ಣ ವಿಷಯ, ಆದರೆ ಎಡವುವವರು ಬಹಳ. ಡಬ್ಬಿಯಲ್ಲಿ ಬಯೋಟಿನ್ ಎಂಬ ವಿಟಮಿನ್ 5 ಅಥವಾ 10 ಮಿಲಿಗ್ರಾಂ ಇದ್ದರೆ ಕೆಲವು ಲ್ಯಾಬುಗಳ ಯಂತ್ರ ಮೋಸಹೋಗುತ್ತದೆ. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್, ಎಫ್‌ಎಸ್‌ಎಚ್, ಎಚ್‌ಸಿಜಿ ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ, ಈಸ್ಟ್ರೋಜೆನ್ ಹೆಚ್ಚು ತೋರಿಸುತ್ತದೆ. ಆ ಸುಳ್ಳು ಅಂಕಿ ನೋಡಿ ಥೈರಾಯ್ಡ್ ಮಾತ್ರೆ ತಗ್ಗಿಸಿದರೆ ಪೆಟ್ಟು ಗರ್ಭಕ್ಕೆ. ಕೂದಲಿಗೆಂದು ತೆಗೆದುಕೊಳ್ಳುವ ಮಾತ್ರೆಯಲ್ಲೂ ಇದೇ ಇರುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ನಿಲ್ಲಿಸಿದ್ದನ್ನು ಲ್ಯಾಬಿನವರಿಗೂ ಹೇಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಕೆಲವಿದೆ. ಗಿಡದಿಂದ ಬಂದದ್ದೆಲ್ಲ ಟೊಳ್ಳಲ್ಲ. ಪಿಸಿಒಡಿಗೆ ಕೊಡುವ ಮೆಟ್‌ಫಾರ್ಮಿನ್ ಹುಟ್ಟಿದ್ದು ಗಲೀಗ ಎಂಬ ಯುರೋಪಿನ ಗಿಡದೊಳಗಿನ ವಸ್ತುವಿನ ಜಾಡು ಹಿಡಿದು ಹೋದದ್ದರಿಂದ. ಲೆಟ್ರೋಜೋಲ್ ಸ್ತನ ಕ್ಯಾನ್ಸರಿಗೆಂದು ಅನುಮತಿ ಪಡೆದ ಔಷಧಿ. ಅಂಡಾಣು ಬಿಡುಗಡೆಗೆ ಅದನ್ನು ಕೊಡುವುದು ಬಹಳ ಕಡೆ ಲೇಬಲ್ಲಿನಲ್ಲಿ ಇಲ್ಲದ ಬಳಕೆ, ರೋಗಿಗೆ ಇದನ್ನು ಬಾಯಿಬಿಟ್ಟು ಹೇಳದ ಡಾಕ್ಟರುಗಳಿದ್ದಾರೆ. ಚೀಟಿಯಿಲ್ಲದೆ ಸಿಗುವ, ಸಕ್ಕರೆಯಂಥ ವಸ್ತುವಾದ ಇನಾಸಿಟಾಲ್ ಪುಡಿಗೆ ಪಿಸಿಒಡಿಯಲ್ಲಿ ಆಧಾರ ಇನ್ನೂ ತೆಳು, ಆದರೆ ದಿನಕ್ಕೆ 4 ಗ್ರಾಂ ಎರಡು ಹೊತ್ತಾಗಿ ತೆಗೆದುಕೊಂಡರೆ ಹೊಟ್ಟೆ ಸ್ವಲ್ಪ ಕೆಡುವುದು ಬಿಟ್ಟು ದೊಡ್ಡ ಕೇಡು ಕಂಡಿಲ್ಲ. ಡಾಕ್ಟರ ಔಷಧಿಯ ಜೊತೆಗೆ ತೆಗೆದುಕೊಳ್ಳುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ.

ಇದಕ್ಕಿಂತ ಒಪ್ಪಿಕೊಳ್ಳಲು ಕಷ್ಟವಾದದ್ದು ಇನ್ನೊಂದಿದೆ. ಡಬ್ಬಿ ತಂದುಕೊಡುವ ಅತ್ತೆಯೋ ಚಿಕ್ಕಮ್ಮನೋ ಪಕ್ಕದಲ್ಲಿ ಕೂರುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ, ಮುಟ್ಟು ಬಂದ ದಿನ ಅಳುವಿಗೆ ಜಾಗ ಕೊಡುತ್ತಾರೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಮಿಲಿಮೀಟರ್ ಅಳೆಯುವವರಿಗೆ ಅದಕ್ಕೆ ಪುರಸೊತ್ತಿಲ್ಲ. ನಮ್ಮ ಭಾಷೆ ಬಾರದ ಊರಿನಲ್ಲಿ, ಒಳಗಿನ ಸಂಕಟವನ್ನು ಬೇರೆ ಭಾಷೆಯಲ್ಲಿ ಹೇಳಿಕೊಳ್ಳಬೇಕಾದ ಹೆಣ್ಣಿಗೆ ಆ ಕೊರತೆ ಇನ್ನೂ ಹೆಚ್ಚು. ಎಷ್ಟೋ ಹೆಂಗಸರು ಡಬ್ಬಿಯನ್ನು ಬಿಡಲಾರದೆ ಇರುವುದು ಮೂಲಿಕೆಯ ಮೇಲಿನ ನಂಬಿಕೆಯಿಂದಲ್ಲ, ಕೊಟ್ಟವರ ಮನಸ್ಸು ನೋಯಿಸಬಾರದೆಂದು. ನರ್ಸು “ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ” ಎಂದು ಕೇಳಿದಾಗ “ಇಲ್ಲ” ಎಂದುಬಿಡುವುದೂ ಅದಕ್ಕೇ. ಕ್ಲಿನಿಕ್ಕಿನವರು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. “ಊರಿನಿಂದ ಏನು ಕಳಿಸಿದ್ದಾರೆ” ಎಂದು ಕೇಳಬೇಕು, ಬೈಯದೆ ಕೇಳಬೇಕು.

ಆದ್ದರಿಂದ ಡಬ್ಬಿ ಬಂದಾಗ ತಂದವರ ಮೇಲೆ ರೇಗಬೇಡಿ, ಎಸೆಯಲೂ ಬೇಡಿ. ಹಿಂದೆ ಮುಂದೆ ಎರಡೂ ಕಡೆ, ತಯಾರಿಯ ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ, ಮುಂದಿನ ಭೇಟಿಯಲ್ಲಿ ಡಾಕ್ಟರಿಗೂ ಫಾರ್ಮಸಿಸ್ಟರಿಗೂ ತೋರಿಸಿ, ಅವರು ನೋಡುವವರೆಗೆ ಮುಚ್ಚಳ ತೆರೆಯಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಎಂದಿನಿಂದ, ದಿನಕ್ಕೆ ಎಷ್ಟು ಎಂಬುದನ್ನು ಬರೆದುಕೊಂಡು ಹೋಗಿ. ಐವಿಎಫ್‌ಗೆ ಅಂಡಾಣು ತೆಗೆಯುವ ದಿನ ಅರಿವಳಿಕೆ ಕೊಡುತ್ತಾರೆ, ಕೆಲವು ಮೂಲಿಕೆಗಳು ರಕ್ತಸ್ರಾವವನ್ನೂ ಮಂಪರನ್ನೂ ಹೆಚ್ಚಿಸುತ್ತವೆ, ಹಾಗಾಗಿ ಎರಡು ವಾರ ಮೊದಲೇ ಎಲ್ಲ ನಿಲ್ಲಿಸಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅದೇ ದಿನ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಚೀಟಿಯಿಲ್ಲದೆ ಸಿಗುವುದರಲ್ಲಿ ಪ್ರತಿ ಹೆಂಗಸೂ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದದ್ದು ಒಂದಿದೆ, ಫೋಲಿಕ್ ಆಸಿಡ್. ದಿನಕ್ಕೆ 400 ಮೈಕ್ರೋಗ್ರಾಂ, ಪ್ರಯತ್ನ ಶುರುಮಾಡುವ ಮೊದಲಿನಿಂದ ಗರ್ಭದ ಹನ್ನೆರಡನೇ ವಾರದವರೆಗೆ. ಮಗುವಿನ ಬೆನ್ನುಹುರಿ ಕೂಡಿಕೊಳ್ಳುವುದು ಮುಟ್ಟು ತಪ್ಪಿದ್ದು ಗೊತ್ತಾಗುವ ಹೊತ್ತಿನ ಆಸುಪಾಸಿನಲ್ಲೇ, ಹಾಗಾಗಿ ಗರ್ಭ ಖಚಿತವಾದ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ ಇಷ್ಟು ಸಾಲದು. ಅವರಿಗೆ ಬೇಕಾದ ಹೆಚ್ಚಿನ ಪ್ರಮಾಣ ಎಷ್ಟೆಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಬೇಕು.